ಎರಡು ಈಡುಗಳ ನಡುವೆ

ಸೊರಬದಿಂದ ಸಿದ್ದಾಪುರದ ದಿಕ್ಕಿಗೆ ಹೊರಟ ಪಥಿಕನ ಕಣ್ಣೆದುರು ಗದ್ದೆಯ ಬಯಲುಗಳೂ ಅಡಕೆಯ ತೋಟಗಳೂ ಕಾನುಗಳ ಕಪ್ಪು ನೆರಳುಗಳೂ ಒಂದರ ಹಿಂದೊಂದು ಸರಿಯುತ್ತಿರುವಾಗ, ನೆಲವನ್ನು ಸೀಳಿಕೊಂಡು ಎದ್ದು ನಿಂತಂತಹ ಬಂಡೆಯ ಬೆಟ್ಟವೊಂದು ಗೋಚರವಾಗುತ್ತದೆ, ಅದೇ ಚಂದ್ರಗುತ್ತಿ. ಚಂದ್ರನನ್ನೂ ಮರೆಮಾಡಬಲ್ಲ ಔನ್ನತ್ಯವುಳ್ಳದ್ದಾದುದರಿಂದ ಚಂದ್ರಗುಪ್ತಿಯೆನಿಸಿ, ಜನರ ನಾಲಗೆಯಲ್ಲಿ ಸವೆದು ಚಂದ್ರಗುತ್ತಿಯಾಯಿತೆಂದು ಅದರ ಹೆಸರಿಗೆ ನಿರುಕ್ತಿ ಹೇಳುವವರುಂಟು. ನೆತ್ತಿಯ ಮೇಲೆ ಶಿಥಿಲವಾದ ಕೋಟೆ. ಮಗ್ಗುಲಿನ ಬಂಡೆಯ ಗವಿಯಲ್ಲಿ ರೇಣುಕಾಂಬೆಯ ಸನ್ನಿಧಿ. ಮಗನಾದ ಪರಶುರಾಮನ ಕೊಡಲಿಗೆ ಬೆದರಿ ಓಡಿಬಂದ ತಾಯಿ ಈ ಗವಿಯಲ್ಲಿ ಅಡಗಿದಳೆಂಬುದು ಸ್ಥಳಪುರಾಣ.

ರೇಣುಕೆಯನ್ನು ಕುರಿತು ಮಹಾಭಾರತದ ಅನುಶಾಸನ ಪರ್ವದಲ್ಲಿ ಇನ್ನೊಂದು ಕಥೆಯಿದೆ; ಕೊಡಲಿಯ ಕಥೆಯಷ್ಟು ಅದು ಪ್ರಸಿದ್ಧವಲ್ಲ. ಜಮದಗ್ನಿ ಮಹರ್ಷಿಗೆ ಒಮ್ಮೆ ಬಿಲ್ಲುಗಾರಿಕೆಯ ವಿನೋದದಲ್ಲಿ ಮನಸ್ಸಾಯಿತು. ಆತನು ಬಾಣವನ್ನೆಸೆಯುವನು, ರೇಣುಕೆ ಓಡಿಹೋಗಿ ಬಿದ್ದ ಬಾಣವನ್ನು ಆಯ್ದು ತಂದು ಪತಿಯ ಕೈಗೆ ಕೊಡುವಳು, ಆತನು ಮತ್ತೆ ಎಸೆಯುವನು. ಜ್ಯೇಷ್ಠಮಾಸದ ನಡುಹಗಲು. ತಲೆಯೂ ಅಂಗಾಲೂ ಸುಡತೊಡಗಲು ಆಕೆ ಕ್ಷಣಕಾಲ ಮರದ ನೆರಳಿನಲ್ಲಿ ನಿಂತು ತಡವಾಗಿ ಬಂದಳು. ತಡವೇಕಾಯಿತೆಂದು ಕೇಳಿ ತಿಳಿದ ಋಷಿ ಸೂರ್ಯನ ಮೇಲೆಯೇ ಬಾಣ ಹೂಡಿದನು. ಸೂರ್ಯನು ಬ್ರಾಹ್ಮಣವೇಷದಿಂದ ಇಳಿದುಬಂದು, ಕೊಡೆಯನ್ನೂ ಪಾದರಕ್ಷೆಯನ್ನೂ ಕಾಣಿಕೆಯಿತ್ತು ಸಮಾಧಾನಪಡಿಸಿದನು. ಛತ್ರಪಾದುಕೆಗಳು ಲೋಕಕ್ಕೆ ಬಂದ ಬಗೆಯನ್ನು ಹೇಳುವುದಕ್ಕಾಗಿ ಈ ಕಥೆ ಹುಟ್ಟಿರಬಹುದು. ನನಗಾದರೋ ಇದು ಬೇರೊಂದು ಕಾರಣದಿಂದ ಪ್ರಿಯವಾದುದು. ಗುರಿಯೆಸೆತದ ಕಥೆಗಳಲ್ಲಿ ಎಸೆದವನ ಹೆಸರು ಉಳಿಯುತ್ತದೆ; ಒಂದು ಎಸೆತ ಮುಗಿದು ಇನ್ನೊಂದು ಎಸೆತ ಸಿದ್ಧವಾಗುವ ತನಕ ನಡೆಯುವ ದುಡಿಮೆಯನ್ನು ಕೇಳುವವರಿಲ್ಲ. ಆ ದುಡಿಮೆಯನ್ನು ಮಾಡಿದವಳೇ ಚಂದ್ರಗುತ್ತಿಯ ಗವಿಯಲ್ಲಿ ದೇವಿಯಾಗಿ ಕುಳಿತಿದ್ದಾಳೆ. ಮಲೆನಾಡಿನ ಮನೆಗಳಲ್ಲಿ ಒಂದು ಕಾಲಕ್ಕೆ ಗೂಟಗಳ ಮೇಲೆ ಮಲಗಿದ್ದ ಒಂಟಿಯೀಡಿನ ಕೋವಿಯನ್ನೂ, ಅದಕ್ಕಿಂತ ಹೆಚ್ಚಾಗಿ ಆ ಕೋವಿಯನ್ನು ತುಂಬುವುದಕ್ಕೆಂದು ಕೈಯಿಂದಲೇ ರೂಪಿಸಿಕೊಂಡಿದ್ದ ಕಿರುಸಲಕರಣೆಗಳನ್ನೂ ಕುರಿತು ಬರೆಯಹೊರಟಾಗ ರೇಣುಕೆಯ ನೆನಪಾದುದು ಹೀಗೆ.

ಮೊದಲು ಮಾತಿನ ವಿಚಾರ. ಬಿಡು ಎಂಬುದರಿಂದ ಬೀಡೂ, ಕೆಡು ಎಂಬುದರಿಂದ ಕೇಡೂ ಹುಟ್ಟಿದಂತೆ, ಇಡು ಎಂಬ ಧಾತುವಿನ ಮೊದಲಕ್ಷರ ದೀರ್ಘವಾಗಿ ಈಡು ಎಂಬ ನಾಮಪದ ಹುಟ್ಟಿತು. ಇಟ್ಟದ್ದೇ ಈಡು. ಕೋವಿಯೊಳಗೆ ಇಟ್ಟ ಮದ್ದುಗುಂಡೂ ಈಡು. ಅದು ಸಿಡಿದಾಗ ಗುಡ್ಡದಿಂದ ಗುಡ್ಡಕ್ಕೆ ಅನುರಣಿಸುವ ಸದ್ದೂ ಈಡು. ತುಂಬುವಿಕೆಗೊಂದು, ಹೊಡೆತಕ್ಕೊಂದು ಎಂದು ಎರಡು ಮಾತುಗಳನ್ನು ಕನ್ನಡವು ಬಯಸಲಿಲ್ಲ; ಏಕೆಂದರೆ ಒಂದು ತುಂಬಿಗೆ ಒಂದೇ ಹೊಡೆತವಿದ್ದ ಕಾಲದಲ್ಲಿ ಆ ಮಾತು ಬಳಕೆಗೆ ಬಂದುದು, ತುಂಬಿದ ಕೈಯೇ ಹೊಡೆಯುತ್ತಿದ್ದುದು. ಕೋವಿಯೆಂಬುದು ಟೊಳ್ಳಾದ ಕೊಳವೆಗೆ ಇದ್ದ ಹಳೆಯ ಹೆಸರು. ಬೆಂಕಿಯಾಯುಧ ಬಂದಾಗ ಜನ ಅದನ್ನು ಕೊಳವೆಯೆಂದೇ ಕರೆದು ಸುಮ್ಮನಾದರು. ಉಳಿದ ಹೆಸರುಗಳು ಆಯುಧದೊಡನೆ ದೂರದಿಂದ ಬಂದವು: ತುಪಾಕಿ ತುರ್ಕರಿಂದ, ಬಂದೂಕು ಅರಬ್ಬೀ ಪಾರಸಿಗಳ ದಾರಿಯಿಂದ, ಕಾಡತೂಸು ಪೋರ್ತುಗೀಸರಿಂದ. ಮದ್ದನ್ನು ನಳಿಗೆಯೊಳಗೆ ಗಿಡಿಯುವ ಉದ್ದನೆಯ ಸಲಾಕೆಗೆ ಗಜವೆಂದು ಹೆಸರು. ಆನೆಗೂ ಈ ಗಜಕ್ಕೂ ಸಂಬಂಧವಿಲ್ಲ. ಬಟ್ಟೆಯಳೆಯುವ ಗಜಕಡ್ಡಿಯ ಪಾರಸೀ ಗಜವೇ ಇದು. ಹೀಗೆ ಕೋವಿಯ ಮೈಮೇಲೆ ನಾಲ್ಕು ದೇಶಗಳ ಮಾತು ಕುಳಿತಿದ್ದರೂ, ಅದರ ಹೊಟ್ಟೆಯೊಳಗೆ ಇಡುವ ವಸ್ತುವಿಗೆ ಮಾತ್ರ ಅಚ್ಚಗನ್ನಡದ ಹೆಸರು ನಿಂತಿತು.

ಗುರಿಯಿಟ್ಟು ಹೊಡೆಯುವ ಬಂದೂಕಿನ ಬೆಲೆಯನ್ನು ಕನ್ನಡನಾಡು ಕಣ್ಣಾರೆ ಕಂಡ ಸಂದರ್ಭಗಳಲ್ಲಿ 1520ರ ರಾಯಚೂರಿನ ಮುತ್ತಿಗೆ ಪ್ರಸಿದ್ಧವಾದುದು. ಕೃಷ್ಣದೇವರಾಯನ ಪಾಳೆಯದಲ್ಲಿದ್ದ ಕ್ರಿಸ್ಟೋವಾವೊ ಡಿ ಫಿಗುಯಿರೆಡೊ ಎಂಬ ಪೋರ್ತುಗೀಸನೂ ಅವನ ಕೆಲವೇ ಮಂದಿ ಸಂಗಡಿಗರೂ ಕೋಟೆಯ ಗೋಡೆಯ ಮೇಲೆ ತಲೆದೋರಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದುದನ್ನು ಪೋರ್ತುಗೀಸ್ ಪ್ರವಾಸಿಯಾದ ನೂನಿಜನು ತನ್ನ ವೃತ್ತಾಂತದಲ್ಲಿ ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆ ಕಾಲಕ್ಕೆ ಚಂದ್ರಗುತ್ತಿ ವಿಜಯನಗರದ ಪ್ರಾಂತ್ಯವೊಂದರ ತಲೆನಗರವಾಗಿ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲವಾಗಿತ್ತು. ಮೊದಲನೆಯ ಹರಿಹರನ ತಮ್ಮನಾದ ಮಾರಪನು ಕದಂಬ ಕುಲದ ದೊರೆಯನ್ನು ಗೆದ್ದು ಇಲ್ಲಿಂದ ಆಳಿದ ಸಂಗತಿ 1347ರ ಶಾಸನದಿಂದ ತಿಳಿದುಬರುತ್ತದೆ. ಅನಂತರ ಈ ಸೀಮೆ ಕೆಳದಿಯ ನಾಯಕರ ಕೈಸೇರಿತು. 1763ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ಮೈಸೂರಿನ ಪಾಲಾಯಿತು. ಟಿಪ್ಪುವಿನ ಆಳಿಕೆಯಲ್ಲಿ ಶ್ರೀರಂಗಪಟ್ಟಣದಲ್ಲಿಯೂ ಇತರ ದುರ್ಗಗಳಲ್ಲಿಯೂ ಬಂದೂಕುಗಳನ್ನು ಬಡಿದು, ಕೊರೆದು ಮಾಡುವ ಕಾರ್ಖಾನೆಗಳು ನಡೆದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕಾರ್ಖಾನೆಗಳು ಮುಚ್ಚಿದವು. ಆದರೆ ಕಬ್ಬಿಣದ ಮರ್ಮವನ್ನು ಬಲ್ಲ ಕೈಗಳು ಕಾರ್ಖಾನೆ ಮುಚ್ಚಿತೆಂದು ಮುದುಡಿಕೊಳ್ಳುವುವೇ? ನೇಗಿಲ ಗುಳವನ್ನು ಹದಮಾಡುವ ಕುಲುಮೆಯಲ್ಲಿಯೇ ಮುರಿದ ಕೋವಿಯ ಕುದುರೆಯೂ ಬೆಸುಗೆಗೊಳ್ಳುತ್ತಿತ್ತು. ಅಡಕೆಯ ಕತ್ತಿಗೆ ಹಿಡಿಹಾಕುವ ಬಡಗಿಯೇ ಕೋವಿಗೆ ಹೊಸ ಬುಡವನ್ನು ಕೆತ್ತುತ್ತಿದ್ದನು.

ಹೊತ್ತಿದ ಬತ್ತಿಯ ಕೋವಿಯೂ ಚಕಮಕಿಯ ಕೋವಿಯೂ ಸರಿದು, ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಕೋವಿ ಬಂತು. ಸ್ಕಾಟ್ಲೆಂಡಿನ ಪಾದ್ರಿಯಾದ ಅಲೆಗ್ಸಾಂಡರ್ ಫಾರ್ಸೈತನಿಗೆ ಹಕ್ಕಿಯ ಬೇಟೆಯೆಂದರೆ ಪ್ರಾಣ. ಚಕಮಕಿಯ ಕಿಡಿಯನ್ನು ಕಂಡೊಡನೆಯೇ ಹಕ್ಕಿಗಳು ಎಚ್ಚರಗೊಳ್ಳುತ್ತಿದ್ದುದರಿಂದ ಬೇಸತ್ತು, ಪೆಟ್ಟು ಬಿದ್ದಮಾತ್ರಕ್ಕೆ ಸಿಡಿಯುವ ಮದ್ದಿನಿಂದ ಕೋವಿಗೆ ಬೆಂಕಿ ಮುಟ್ಟಿಸುವ ಉಪಾಯವನ್ನು ಕಂಡುಹಿಡಿದು 1807ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಕೆಲವು ವರ್ಷಗಳ ತರುವಾಯ ಆ ಮದ್ದು ಬೆರಳ ತುದಿಯಷ್ಟು ಕಿರಿದಾದ ತಾಮ್ರದ ಟೊಪ್ಪಿಗೆಯೊಳಗೆ ಸೇರಿತು. ಮಲೆನಾಡಿನ ನಾಲಗೆಯಲ್ಲಿ ಅದು ಕೇಪು. ಗಾಳಿಮಳೆಗೆ ಬತ್ತಿ ಆರಿಹೋಗುವ, ಚಕಮಕಿ ತೇವಗೊಳ್ಳುವ ನಾಡಿನಲ್ಲಿ ಕೇಪಿನ ಕೋವಿಗೆ ಆದರ ದೊರೆತುದು ಆಶ್ಚರ್ಯವಲ್ಲ. ಈ ಕೋವಿ ಮಲೆನಾಡಿನ ಬದುಕಿನೊಡನೆ ಹೇಗೆ ಹೆಣೆದುಕೊಂಡಿತ್ತೆಂಬುದನ್ನು ಕುವೆಂಪು ಅವರ ಕಾದಂಬರಿಗಳನ್ನೋದಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಕೇಪಿನ ಕೋವಿಗೆ ಈಡು ತುಂಬುವುದೆಂದರೆ ಆತುರಕ್ಕೆ ಎಡೆಗೊಡದ ವಿಧಿ. ಮದ್ದಿನ ಕೊಂಬನ್ನು ಎತ್ತಿ, ಬಾಯಿಯ ಬಿರಡೆಯನ್ನು ತೆಗೆದು, ಅಳತೆಯ ಕೊಳವೆಗೆ ಮದ್ದನ್ನು ಸುರಿದು, ನೆಟ್ಟಗೆ ನಿಲ್ಲಿಸಿದ ನಳಿಗೆಯೊಳಕ್ಕೆ ಹೊಯ್ಯಬೇಕು. ಅದರ ಮೇಲೆ ತೆಂಗಿನ ಕತ್ತವನ್ನೋ ಬಟ್ಟೆಯ ಚೂರನ್ನೋ ಇಟ್ಟು ಗಜದಿಂದ ಗಿಡಿಯಬೇಕು. ಆಮೇಲೆ ಗುಂಡು, ಅಥವಾ ಹಕ್ಕಿ ಮೊಲಗಳಿಗಾದರೆ ಚರೆ. ಅದು ಉರುಳಿ ಹೊರಬೀಳದಂತೆ ಮತ್ತೊಂದು ಕತ್ತದ ಉಂಡೆ, ಮತ್ತೆ ಗಜ. ಕೇಪನ್ನು ಕೂರಿಸುವುದು ಎಲ್ಲಕ್ಕೂ ಕಡೆಗೆ, ಗುರಿಯ ಮುಂದೆ ನಿಂತಾಗ. ಈ ಕ್ರಮದಲ್ಲಿ ಒಂದು ಹಿಂದುಮುಂದಾದರೂ ಈಡು ಹುಸಿಯಾಗುತ್ತಿತ್ತು, ಇಲ್ಲವೆ ಹೊಡೆದವನಿಗೇ ಎರವಾಗುತ್ತಿತ್ತು.

ಈ ಸಲಕರಣೆಗಳಲ್ಲಿ ಮೊದಲನೆಯದಾದ ಕೊಂಬನ್ನು ನೋಡಿ. ದನದ ಅಥವಾ ಎಮ್ಮೆಯ ಕೊಂಬಿನ ಒಳತಿರುಳನ್ನು ತೆಗೆದು, ಅಗಲವಾದ ತುದಿಗೆ ಮರದ ಬಿಲ್ಲೆಯನ್ನು ಬಿಗಿದು, ಮೊನೆಯನ್ನು ಕೊರೆದು ಬಿರಡೆಯಿಟ್ಟರೆ ಮದ್ದಿನ ಪಾತ್ರೆ ಸಿದ್ಧ. ಕೊಂಬಿಗೆ ತೇವ ತಟ್ಟದು, ಕಬ್ಬಿಣದಂತೆ ತಿಕ್ಕಿದರೆ ಕಿಡಿಹಾರದು, ಹೆಗಲಿಗೆ ಹಗುರ. ಮದ್ದಿನಲ್ಲಿರುವ ಪೆಟ್ಲುಪ್ಪು ಗಾಳಿಯ ನೀರನ್ನು ಕುಡಿಯುವ ವಸ್ತು. ಆಷಾಢದ ಜಡಿಮಳೆ ಹಿಡಿಯುವ ಚಂದ್ರಗುತ್ತಿಯ ಸೀಮೆಯಲ್ಲಿ ಅದನ್ನು ಒಣಗಿಸಿಟ್ಟುಕೊಳ್ಳುವುದೇ ಒಂದು ವಿದ್ಯೆ. ಜಗತ್ತಿನ ಬೇರೆ ಬೇರೆ ಮೂಲೆಗಳ ಬೇಟೆಗಾರರು ಒಬ್ಬರನ್ನೊಬ್ಬರು ಕೇಳದೆಯೇ ಕೊಂಬಿನ ಆಶ್ರಯಕ್ಕೆ ಬಂದುದು ಈ ಗುಣಗಳಿಂದಲೇ.

ಎರಡನೆಯದು ಅಳತೆ. ಬಿದಿರಿನ ಗೆಣ್ಣಿನ ತುಂಡೋ ಕೊಂಬಿನ ತುದಿಯ ಚೂರೋ ಆಗಿದ್ದ ಈ ಅಳತೆಗೆ ಸೇರು ಪಾವುಗಳಂತೆ ಊರಿಗೆಲ್ಲ ಒಂದೇ ಪ್ರಮಾಣವೆಂಬುದಿರಲಿಲ್ಲ. ಒಂದೊಂದು ಕೋವಿಯ ನಳಿಗೆಯ ದಪ್ಪ, ಉದ್ದ, ಒಳಮೈಯ ಸವೆತ ಬೇರೆ; ಆ ಕೋವಿ ಸಹಿಸುವ ಮದ್ದು, ಆ ಮದ್ದಿಗೆ ಒಪ್ಪುವ ಗುಂಡು ಬೇರೆ. ಮೊದಲು ಕಡಮೆ ಹಾಕಿ, ಗುಂಡು ಬಿದ್ದ ಕಡೆಯನ್ನು ನೋಡಿ, ಮತ್ತಿಷ್ಟು ಕೂಡಿಸಿ, ಕಡೆಗೊಮ್ಮೆ ಸರಿಯಾದ ಅಳತೆ ಗೊತ್ತಾದಾಗ ಬಿದಿರನ್ನು ಅಷ್ಟಕ್ಕೆ ಕೊಯ್ದಿಟ್ಟರೆ, ಆ ತುಂಡು ಆ ಕೋವಿಯ ಜಾತಕವಾಯಿತು. ನೆರೆಮನೆಯ ಕೋವಿಗೆ ಅದು ಉಪಯೋಗವಿಲ್ಲ.

ಗಜ ಬರಿಯ ಗಿಡಿಯುವ ಸಲಾಕೆಯಾಗಿರಲಿಲ್ಲ. ನಳಿಗೆಯೊಳಗೆ ಇಳಿಸಿದಾಗ ಅದು ಎಷ್ಟು ಬೆರಳು ಮೇಲೆ ನಿಂತಿತೆಂಬುದನ್ನು ನೋಡಿಯೇ ಈಡಿನ ಪರಿಮಾಣವನ್ನು ತಿಳಿಯುತ್ತಿದ್ದರು. ಅಂಧಕಾರದಲ್ಲಿಯೂ ಬೆರಳಿನಿಂದ ಮುಟ್ಟಿ ಕೋವಿ ತುಂಬಿದೆಯೋ ಬರಿದಾಗಿದೆಯೋ ಹೇಳುತ್ತಿದ್ದರು. ಗಿಡಿದದ್ದು ಗಟ್ಟಿಯಾಯಿತೆಂಬುದನ್ನು ಕೈಗೆ ಮರಳಿ ಪುಟಿಯುವ ಗಜವೇ ತಿಳಿಸುತ್ತಿತ್ತು. ಬಳಸಿದ ಮೇಲೆ ಬಿಸಿನೀರು ಹೊಯ್ದು, ಗಜದ ತುದಿಗೆ ಬಟ್ಟೆ ಸುತ್ತಿ, ನಳಿಗೆಯ ಒಳಗಣ ಮಸಿಯನ್ನು ಒರಸಿ ತೆಗೆಯುವುದಕ್ಕೂ ಅದೇ ಬೇಕು. ತೊಳೆಯದೆ ಬಿಟ್ಟರೆ ಮದ್ದಿನ ಕಿಟ್ಟ ತೇವವನ್ನೆಳೆದು ಕಬ್ಬಿಣವನ್ನು ತಿನ್ನುತ್ತದೆ.

ಗುಂಡಿನ ಅಚ್ಚು ಇಕ್ಕಳದಂತಹುದು. ಎರಡು ದವಡೆಗಳು ಕೂಡಿದಾಗ ಒಳಗೆ ಗೋಲಾಕಾರದ ಕುಳಿ. ಸಟ್ಟುಗದಲ್ಲಿ ಸೀಸವನ್ನು ಕರಗಿಸಿ ಹೊಯ್ದರೆ ಮೊದಲ ಕೆಲವು ಗುಂಡುಗಳು ಸುಕ್ಕುಗಟ್ಟಿ ಹೊರಬೀಳುವುವು. ಅಚ್ಚು ತಾನೇ ಕಾಯುವ ತನಕ ಒಳ್ಳೆಯ ಗುಂಡು ಹುಟ್ಟದು. ಕೆಟ್ಟುದನ್ನು ಮತ್ತೆ ಸಟ್ಟುಗಕ್ಕೆ ಹಾಕುವುದು, ಒಳ್ಳೆಯದರ ಬಾಲವನ್ನು ಕತ್ತರಿಸಿ ನುಣುಪುಮಾಡುವುದು. ಇದು ಸಂಜೆಯ ಬಿಡುವಿನಲ್ಲಿ ನಡೆಯುತ್ತಿದ್ದ ಕೆಲಸ. ಇಷ್ಟೆಲ್ಲವನ್ನೂ ಹಳ್ಳಿಯೇ ಒದಗಿಸಿಕೊಂಡಿತು. ಕೇಪೊಂದು ಮಾತ್ರ ಕುಲುಮೆಗೆ ಒಲಿಯಲಿಲ್ಲ. ಅದು ಸಮುದ್ರದಾಚೆಯಿಂದ ಡಬ್ಬಿಗಳಲ್ಲಿ ಬರಬೇಕಾಗಿತ್ತು. ತನ್ನದೆಂದು ಹಳ್ಳಿ ತಿಳಿದಿದ್ದ ಕೋವಿಯ ಬಾಯಿ ಹಳ್ಳಿಯ ಕೈಯಲ್ಲಿದ್ದು, ಕೇಪು ಕೂರುವ ಅದರ ಕಿವಿ ಪರದೇಶದ ವರ್ತಕನ ಕೈಯಲ್ಲಿತ್ತು.

ಇದೇ ಕಾಲಕ್ಕೆ ಭೂಗೋಲದ ಇನ್ನೊಂದು ಭಾಗದಲ್ಲಿ ಇಂತಹ ಕೈಸಲಕರಣೆಗಳು ಮತ್ತೊಂದು ಪರಿಷ್ಕಾರವನ್ನು ಮುಟ್ಟಿದ್ದುವು. ಜರ್ಮನಿ ಸ್ವಿಟ್ಜರ್‌ಲೆಂಡುಗಳ ಊರೂರುಗಳಲ್ಲಿದ್ದ ಗುರಿಕಾರರ ಸಂಘಗಳು, ಅಲ್ಲಿಂದ ವಲಸೆಹೋದವರೊಡನೆ ಅಮೆರಿಕೆಗೂ ಹೋಗಿ, ಇನ್ನೂರು ಗಜಗಳಾಚೆಯ ಗುರಿಗೆ ನಿಂತುಕೊಂಡೇ ಹೊಡೆಯುವ ಉತ್ಸವಗಳನ್ನು ನಡೆಸಿದುವು. ಬಳಸುತ್ತಿದ್ದುದು ಒಂಟಿಯೀಡಿನ ರೈಫಲ್ಲು. ಅದರ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳುಹಿಸುವುವು. 1884ರಲ್ಲಿ ಜಾನ್ ಬಾರ್ಲೋ ಎಂಬಾತನು ಸ್ಥಾಪಿಸಿದ ಐಡಿಯಲ್ ಕಂಪನಿ, ಬರಿದಾದ ಹಿತ್ತಾಳೆಯ ತೋಟಾವನ್ನು ಮನೆಯಲ್ಲಿಯೇ ಮರಳಿ ತುಂಬುವ ಇಕ್ಕಳಗಳನ್ನು ಮಾಡಿ ಮಾರಿತು. ಇವರೆಲ್ಲರಲ್ಲಿ ಅಗ್ರಗಣ್ಯನಾದವನು ಹ್ಯಾರಿ ಪೋಪ್. 1861ರಲ್ಲಿ ಹುಟ್ಟಿ 1950ರವರೆಗೆ ಬಾಳಿದ ಈತನು ನಳಿಗೆಯೊಂದನ್ನು ಕೊರೆದರೆ, ಅದರೊಡನೆ ಅದಕ್ಕೇ ತಕ್ಕ ಗುಂಡಿನಚ್ಚನ್ನೂ, ಗುಂಡನ್ನು ಮೆಲ್ಲನೆ ಒಳನೂಕುವ ಕೋಲನ್ನೂ, ನಳಿಗೆಯ ಬಾಯಿಯ ಮೇಲೆ ಕೂರಿಸುವ ಹುಸಿಬಾಯಿಯನ್ನೂ ಮಾಡಿ ಕೊಡುತ್ತಿದ್ದನು. ಆ ಹುಸಿಬಾಯಿ ನಳಿಗೆಯ ತುದಿಯಿಂದಲೇ ಕೊಯ್ದು ತೆಗೆದ ತುಂಡು. ಅದರ ಮೂಲಕ ಇಳಿದ ಗುಂಡಿಗೆ ಗೆರೆಗಳು ಓರೆಯಾಗದೆ ಮೂಡುತ್ತಿದ್ದುವು. ಗುಂಡು ಬಾಯಿಯಿಂದ, ಮದ್ದು ತುಂಬಿದ ತೋಟಾ ಹಿಂದುಗಡೆಯಿಂದ. ಆ ಒಂದೇ ತೋಟಾವನ್ನು ಹೊಡೆತ ಹೊಡೆತಕ್ಕೂ ಮರಳಿ ತುಂಬಿ ಇಡೀ ಪಂದ್ಯವನ್ನೇ ಮುಗಿಸುತ್ತಿದ್ದವರುಂಟು. 1901ರಲ್ಲಿ ಕೊಲರಾಡೊ ಸೀಮೆಯ ರೋಲಂಡ್ ಎಂಬ ಗುರಿಕಾರನು ಪೋಪನ ನಳಿಗೆಯಿಂದ ಇನ್ನೂರು ಗಜಗಳ ದೂರಕ್ಕೆ ಹೊಡೆದ ಹತ್ತು ಗುಂಡುಗಳು ಮುಕ್ಕಾಲು ಅಂಗುಲಕ್ಕಿಂತ ಕಿರಿದಾದ ಎಡೆಯಲ್ಲಿ ಒಂದುಗೂಡಿದುವು. ಬಹುಕಾಲ ಅದು ಗುರಿಕಾರರ ಬಾಯಲ್ಲಿ ಕಥೆಯಾಗಿ ಉಳಿಯಿತು. ಪೋಪನ ಉಕ್ಕಿನ ಹುಸಿಬಾಯಿಗೂ ಮಲೆನಾಡಿನ ಬಿದಿರಿನ ಅಳತೆಗೂ ನಯದಲ್ಲಿ ಅಜಗಜಾಂತರ. ಆದರೆ ಒಂದು ಕೋವಿಗೆ ಹುಟ್ಟಿದ್ದು ಇನ್ನೊಂದಕ್ಕೆ ಸಲ್ಲದೆಂಬ ಧರ್ಮ ಎರಡಕ್ಕೂ ಸಮಾನ.

ಕನ್ನಡನಾಡಿನಲ್ಲಿ ಗುರಿಹೊಡೆತವು ಉತ್ಸವದ ಗೌರವವನ್ನು ಪಡೆದುದು ಕೊಡಗಿನಲ್ಲಿ. ನಾಟಿಯ ದುಡಿಮೆ ಮುಗಿದು ಸೆಪ್ಟೆಂಬರ್ ಮೊದಲಿಗೆ ಕೈಲ್‌ಪೊಳ್ದ್ ಹಬ್ಬ ಬಂದಾಗ, ಮನೆಯ ಆಯುಧಗಳನ್ನೆಲ್ಲ ತೊಳೆದು ಒರಸಿ ದೇವರ ಕೋಣೆಯಲ್ಲಿರಿಸಿ, ಕೋವಿಯ ಬಾಯಿಗೆ ತೋಕ್ ಪೂವನ್ನು ಸಿಕ್ಕಿಸುತ್ತಾರೆ. ಮಳೆಗಾಲದ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯೇ ಆ ಹೂ. ಪೂಜೆಯಾದ ಬಳಿಕ ಎತ್ತರದ ಮರದ ತುದಿಗೆ ತೆಂಗಿನಕಾಯಿಯನ್ನು ಕಟ್ಟಿ ಸರದಿಯಂತೆ ಈಡುಹೊಡೆಯುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಕಣಿವೆಯಾಚೆಯ ಮನೆಗಳಿಗೆ ವಾರ್ತೆ ಮುಟ್ಟುತ್ತಿದ್ದುದು ಹೀಗೆ. ಎರಡು ಸದ್ದುಗಳ ನಡುವಣ ಬಿಡುವಿನಲ್ಲಿ ಕಿವಿಗೊಟ್ಟು ನಿಂತ ನೆರೆಮನೆಯವರ ಎದೆಬಡಿತವನ್ನು ಯಾರಾದರೂ ಊಹಿಸಿಕೊಳ್ಳಬಹುದು.

ಕೋವಿಯ ಹಕ್ಕು ಎಲ್ಲರಿಗೂ ಒಂದೇ ಬಗೆಯಾಗಿ ದೊರೆಯಲಿಲ್ಲ. 1857ರಲ್ಲಿ ಆಯುಧಗಳನ್ನೊಪ್ಪಿಸಬೇಕೆಂಬ ಆಜ್ಞೆ ಹೊರಟಾಗ, ಮುಧೋಳದ ಸೀಮೆಯ ಹಲಗಲಿಯ ಬೇಡರು ಅದನ್ನು ಪ್ರಾಣವನ್ನೊಪ್ಪಿಸುವುದಕ್ಕೆ ಸಮಾನವೆಂದು ಬಗೆದು ಎದುರುನಿಂತರು. ಕುಂಪಣಿಯ ದಂಡು ಊರಿಗೆ ಬೆಂಕಿಯಿಟ್ಟಿತು, ಹಿಡಿದವರಲ್ಲಿ ಹಲವರು ನೇಣುಗಂಬವೇರಿದರು. ಲಾವಣಿಯಾಗಿ ಅವರು ಉಳಿದರು. ನಾಲ್ಕೇ ವರ್ಷಗಳ ಮೇಲೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಶಾಸನದಿಂದ ವಿನಾಯಿತಿಯಿತ್ತನು. ಒಂದೇ ಸರಕಾರ ಒಂದು ಜನರಿಂದ ಕೋವಿಯನ್ನು ಕಿತ್ತುಕೊಂಡು ಇನ್ನೊಂದು ಜನರ ಹೆಗಲಮೇಲೆ ಅದನ್ನು ಉಳಿಸಿದುದರಲ್ಲಿ ನ್ಯಾಯಕ್ಕಿಂತ ರಾಜನೀತಿಯ ಲೆಕ್ಕವೇ ಹೆಚ್ಚೆಂಬುದು ಸ್ಪಷ್ಟ. ಸ್ವಾತಂತ್ರ್ಯಾನಂತರ 1959ರ ಆಯುಧ ಶಾಸನ ಬಂದರೂ ಕೊಡಗಿನ ವಿನಾಯಿತಿ ಮುಂದುವರಿಯಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಚಂದ್ರಗುತ್ತಿಯ ಸೀಮೆಯ ರೈತನಿಗೆ ಅಂತಹ ಹಕ್ಕಿಲ್ಲ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿಯಿಟ್ಟು, ಮತ ಎಣಿಕೆಯಾದ ಮೇಲೆ ಹಿಂದಕ್ಕೆ ತರಬೇಕು.

ಕೈಸಲಕರಣೆಗಳ ಅವಸಾನಕ್ಕೆ ಶಾಸನಕ್ಕಿಂತ ಮೊದಲು ಕಾರಣವಾದುದು ತೋಟಾ. ಮದ್ದು, ಕೇಪು, ಚರೆಗಳೆಲ್ಲ ಒಂದೇ ಕೊಳವೆಯಲ್ಲಿ ಅಡಕವಾಗಿ ಪೇಟೆಯಿಂದ ಬಂದಮೇಲೆ ಕೊಂಬು ಮೂಲೆಗೆ ಬಿತ್ತು, ಅಳತೆಯ ಬಿದಿರು ಎಲ್ಲಿಯೋ ಕಳೆದುಹೋಯಿತು. ತೋಟಾ ಕೋವಿಯ ಮೊದಲ ದಿನಗಳಲ್ಲಿ ಹಳೆಯ ವಿದ್ಯೆ ಕೆಲಕಾಲ ಉಸಿರಾಡಿಕೊಂಡಿತ್ತು. ಹಿತ್ತಾಳೆಯ ತೋಟಾಗಳನ್ನು ಎಸೆಯದೆ ಕೂಡಿಟ್ಟು, ಸುಟ್ಟ ಕೇಪನ್ನು ಕಿತ್ತು ಹೊಸದನ್ನು ಕೂರಿಸಿ, ಮದ್ದನ್ನೂ ಚರೆಯನ್ನೂ ಅಳೆದು, ರಟ್ಟಿನ ಬಿಲ್ಲೆಯನ್ನು ಮುಚ್ಚಿ ಮನೆಯಲ್ಲಿಯೇ ತುಂಬಿಕೊಳ್ಳುವವರಿದ್ದರು. ಕಾಗದದ ತೋಟಾದ ಅಂಚನ್ನು ಒಳಕ್ಕೆ ಮಡಿಸುವ ಕೈಯಂತ್ರಗಳೂ ಇದ್ದುವು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯೇ ಅಪರಾಧವಾದಾಗ ಆ ಉಸಿರೂ ನಿಂತಿತು. ನಿಂತುದಕ್ಕೆ ನಾನು ಕಣ್ಣೀರಿಡಲಾರೆ. ಚಂದ್ರಗುತ್ತಿಯ ಸುತ್ತಣ ಕಾನುಗಳಲ್ಲಿ ಎಷ್ಟೋ ಮೃಗಪಕ್ಷಿಗಳು ಕೋವಿಗೆ ಈಡಾದುವು. ಈಡಾಗು ಎಂಬ ನುಡಿಗಟ್ಟಿನಲ್ಲಿ ಬಲಿಯ ಅರ್ಥವೂ ಸೇರಿಕೊಂಡಿದೆ. ಆದರೂ ಒಂದು ಮಾತನ್ನು ಹೇಳದಿರಲಾಗದು. ಒಂಟಿಯೀಡಿನ ಕೋವಿ ಹಿಡಿದವನು ಗುರಿತಪ್ಪಿದರೆ ಮತ್ತೆ ತುಂಬುವಷ್ಟು ಹೊತ್ತು ಕಾಯಲೇಬೇಕಾಗಿತ್ತು. ಆ ಹೊತ್ತಿನಲ್ಲಿ ಕಡವೆ ಹಳ್ಳ ದಾಟಿ ಹೋಗಿರುತ್ತಿತ್ತು. ಆ ಬಿಡುವು ಮೃಗಕ್ಕೆ ದೊರೆತ ಅಭಯವೂ ಹೌದು, ಮನುಷ್ಯನು ತನ್ನ ಕೈಯ ತಪ್ಪನ್ನು ವಿಚಾರಿಸಿಕೊಳ್ಳುವುದಕ್ಕೆ ದೊರೆತ ಅವಕಾಶವೂ ಹೌದು. ಈಡಿನ ಮೇಲೆ ಈಡು ಸುರಿಸುವ ಯಂತ್ರಗಳು ಬಂದಮೇಲೆ ಕೊಲ್ಲುವವನಿಗೂ ಪುರುಸೊತ್ತಿಲ್ಲ.

ಜಮದಗ್ನಿಯ ಕಥೆಯನ್ನು ಮತ್ತೆ ನೆನೆಯುತ್ತೇನೆ. ರೇಣುಕೆ ತಡಮಾಡದೆ ಬಾಣಗಳನ್ನು ತಂದುಕೊಡುತ್ತಿದ್ದಿದ್ದರೆ ಋಷಿಯು ಸಂಜೆಯ ತನಕ ಎಸೆಯುತ್ತಲೇ ಇರುತ್ತಿದ್ದನು; ಬಿಸಿಲೆಂಬುದೊಂದುಂಟೆಂದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಆಕೆ ಮರದಡಿಯಲ್ಲಿ ನಿಂತ ಆ ಒಂದು ಕ್ಷಣದಿಂದ ಲೋಕಕ್ಕೆ ಕೊಡೆ ಬಂತು, ಕೆರ ಬಂತು. ಚಂದ್ರಗುತ್ತಿಯ ಮೆಟ್ಟಲುಗಳನ್ನೇರುವ ಭಕ್ತರು ಗವಿಯ ಬಳಿ ಕೊಡೆಯನ್ನು ಮಡಿಸಿ, ಕೆರವನ್ನು ಕಳಚಿಟ್ಟು, ಬರಿಗಾಲಿನಲ್ಲಿ ಒಳಗೆ ಹೋಗುತ್ತಾರೆ.